ತಪ್ಪು ತಿಳ್ಕೋಬ್ಯಾಡ್ರಿ ಸಾಹೇಬ್ರ

ಮಂಗಳವಾರದ ಮಾತು. ಹೊಸ ತೊಗರಿ ಬರೋಕೆ ಶುರುವಾದ ಮೇಲೆ ಕಲಬುರಗಿ ಗಂಜಿನಲ್ಲಿ, ಅಂದರೆ ಕಾಳುಕಡಿ ಮಾರುಕಟ್ಟೆಯಲ್ಲಿ, ಕಾಲಿಡಲು ಜಾಗ ಇರುವುದಿಲ್ಲ. ಅಡತಿ ಅಂಗಡಿಯ ಮುಂದೆ ಲಾರಿ ನಿಂತಿತ್ತು. ನಾನು ಒಳಗೆ ಲೆಕ್ಕ ಬರೆಯುತ್ತಾ ಕೂತಿದ್ದೆ. ಹಮಾಲಿ ಮಾಡುವ ಕಾಕಾ ಕೊನೆಯ ಚೀಲ ಇಳಿಸಿ, ಟವೆಲ್ಲಿನಿಂದ ಮುಖದ ಧೂಳು ಒರೆಸಿಕೊಳ್ಳುತ್ತಾ ನನ್ನ ಮೇಜಿನ ಹತ್ತಿರ ಬಂದು ನಿಂತ.

"ಸಾಹೇಬ್ರ, ನಮ್ ಪೋರ ನಿಮಗ ಕೆಡವ್ಯಾನಂತಲ್ರಿ. ತಪ್ಪು ತಿಳ್ಕೋಬ್ಯಾಡ್ರಿ. ನಾ ಅವಗ ಹೇಳೀನಿ."

ತೂಕ ಮಾಡುವವನು ಚಹಾದ ಕಪ್ಪು ಕೆಳಗಿಟ್ಟು ನಕ್ಕ. ಅವನ ಬಗ್ಗೆ ಒಂದು ಮಾತು ಹೇಳಲೇಬೇಕು. ತೊಗರಿಯನ್ನು ಅವನು ಹೇಗೆ ತೂಗುತ್ತಾನೋ ದೇವರಿಗೇ ಗೊತ್ತು, ಸುದ್ದಿಯನ್ನು ಮಾತ್ರ ಒಂದು ಗ್ರಾಂ ಕಡಿಮೆಯಾಗದಂತೆ ಇಡೀ ಗಂಜಿಗೆ ಹಂಚುತ್ತಾನೆ. ನಾನು ಜೂಡೊ ಕಲಿಯಲು ಹೋಗುವ ಸುದ್ದಿ ಹರಡಿದವನೂ ಅವನೇ.

"ಅದರಾಗ ಏನದ ಕಾಕಾ, ಆಟದಾಗ ಇದ್ದದ್ದೇ" ಅಂದೆ. ಅಷ್ಟಕ್ಕೇ ಬಿಡಬೇಕಿತ್ತು. ಬಿಡಲಿಲ್ಲ. "ಯಾವಾಗ ಹೇಳಿದಿ ಅವಗ?" ಅಂತ ಕೇಳಿದೆ.

"ಎಳ್ಳಮಾಸಿ ದಿನಾನೇ ಹೇಳೀನ್ರಿ."

ಲೆಕ್ಕ ಬರೆಯುವವನಿಗೆ ತಾರೀಖು ಕೂಡಿಸಲು ಎಷ್ಟು ಹೊತ್ತು ಬೇಕು? ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಭಜ್ಜಿ, ಸಜ್ಜಿ ಕಡುಬು ತಿಂದು ಬಂದ ಮೂರನೇ ದಿನ ಆ ಹುಡುಗನನ್ನು ನಾನು ಮೊದಲ ಸಲ ಎತ್ತಿ ಕೆಡವಿದ್ದೆ. ಆಮೇಲೆ ಮುಂದಿನ ಬುಧವಾರ ಇನ್ನೊಂದು ಸಲ. ಮೊನ್ನೆ ಸೋಮವಾರ ಮತ್ತೊಂದು. ಮೂರೂ ಹಬ್ಬದ ಈಚೆಗೆ. ಹಬ್ಬದ ಮೊದಲಿನ ಎರಡು ತಿಂಗಳಲ್ಲಿ ಒಂದೂ ಇಲ್ಲ.

ಮೊದಲ ಸಲ ಕೆಡವಿದ ದಿನ ಮನೆಗೆ ಮಾಲ್ಪುರಿ ಕಟ್ಟಿಸಿಕೊಂಡು ಹೋಗಿದ್ದೆ. ಸಕ್ಕರೆ ಕಾಯಿಲೆ ಬಾಗಿಲಿಗೆ ಬಂದು ನಿಂತಿದೆ ಅಂತ ಡಾಕ್ಟರು ಹೇಳಿದ್ದರಿಂದಲೇ ಈ ಆಟಕ್ಕೆ ಸೇರಿದ್ದು, ಅದನ್ನೂ ಮರೆತಿದ್ದೆ. "ಹದಿನೇಳು ವರ್ಷದ ಹುಡುಗನ್ನ ಕೆಡವಿದೆ, ಗೊತ್ತಾ?" ಅಂತ ಹೆಂಡತಿಗೆ ಹೇಳಿದ್ದೆ. ಅವಳು ನನ್ನ ಹೊಟ್ಟೆ ನೋಡಿ, ಪಾಪ ಆ ಹುಡುಗನಿಗೆ ಪೆಟ್ಟಾಯಿತಾ ಅಂತ ಕೇಳಿದ್ದಳು.

ನನ್ನ ವಯಸ್ಸು 41. ತೂಕ 84 ಕೆಜಿ. ಗಂಜಿನ ಭಾಷೆಯಲ್ಲಿ ಹೇಳುವುದಾದರೆ 50 ಕೆಜಿಯ ಒಂದೂವರೆ ಚೀಲಕ್ಕಿಂತ ಜಾಸ್ತಿ. ಹುಡುಗ ಅರವತ್ತು ಇರಬಹುದು. ಪಿಯುಸಿ ಎರಡನೇ ವರ್ಷ. ಕೋಚ್ ಅವನ ಹತ್ತಿರ ಫೀ ತೆಗೆದುಕೊಳ್ಳುವುದಿಲ್ಲ, ಅವನು ಚಾಪೆ ಹಾಸಿ ಮಡಚಿ ಕಸ ಹೊಡೆಯುತ್ತಾನೆ. ಮಗಳನ್ನು ಬಿಡಲು ಹೋಗಿ ಕೆಳಗೆ ಬೈಕಿನ ಮೇಲೆ ಕೂತು ಮೊಬೈಲ್ ನೋಡುತ್ತಿದ್ದ ನನ್ನನ್ನು "ಸುಮ್ನೆ ಯಾಕ್ ಕೂಡ್ತೀರಿ, ಮ್ಯಾಲ ಬರ್ರಿ" ಅಂತ ಕರೆದದ್ದೂ ಅದೇ ಕೋಚ್.

ಮೊದಲ ತಿಂಗಳು ಬರೀ ಬೀಳುವುದೇ ಪಾಠ. ಜಪಾನಿಯಲ್ಲಿ ಉಕೆಮಿ ಅನ್ನುತ್ತಾರೆ. ಗದ್ದ ಎದೆಗೆ ಒತ್ತಿ ಸೊಂಟದ ಪಟ್ಟಿಯ ಗಂಟು ನೋಡಬೇಕು, ಆಗ ತಲೆ ನೆಲಕ್ಕೆ ಬಡಿಯುವುದಿಲ್ಲ. ಬೆನ್ನು ತಾಗುವ ಹೊತ್ತಿಗೇ ಕೈಯಿಂದ ಚಾಪೆಯನ್ನು ಫಟ್ ಅಂತ ಹೊಡೆಯಬೇಕು. ಉಸಿರು ಹಿಡಿಯಬಾರದು, ಬಿಡಬೇಕು. ಎಂಟು ವರ್ಷದ ಮಕ್ಕಳು ಕಿಲಕಿಲ ನಗುತ್ತಾ ಇಪ್ಪತ್ತು ಸಲ ಬಿದ್ದು ಎದ್ದರು. ನಾನು ಬೀಳುವ ಮೊದಲು ಸುತ್ತ ನೋಡಿದೆ. ಯಾರು ನೋಡುತ್ತಿದ್ದಾರೆ? ಮಗಳು ನೋಡುತ್ತಿದ್ದಳು. ಇಪ್ಪತ್ತು ವರ್ಷದಿಂದ ಎಲ್ಲೂ ಬೀಳದ ಹಾಗೆ ನಡೆದವನಿಗೆ ಬೇಕೆಂದೇ ಬೀಳು ಅಂದರೆ ಮೊಣಕಾಲೇ ಒಪ್ಪುವುದಿಲ್ಲ. ಕೋಚ್ ಬಂದು ಭುಜಕ್ಕೆ ಕೈ ಇಟ್ಟು ಮೆಲ್ಲಗೆ ತಳ್ಳಿದರು. ಬಿದ್ದೆ.

ಇನ್ನು ಆ ಹುಡುಗನ ಪಟ್ಟು. ಹೆಸರು ಸೆಯೋಯ್ ನಾಗೆ. ಸೆಯೋಯ್ ಅಂದರೆ ಬೆನ್ನ ಮೇಲೆ ಹೊರುವುದು. ನಮ್ಮ ಕುಸ್ತಿಯಲ್ಲೂ ಇದರ ಅಣ್ಣನಂಥ ಒಂದು ಪಟ್ಟು ಇದೆ, ಧೋಬಿ ಪಛಾಡ್ ಅನ್ನುತ್ತಾರೆ, ಅಗಸ ಬಟ್ಟೆಯನ್ನು ಕಲ್ಲಿಗೆ ಒಗೆದ ಹಾಗೆ. ಹುಡುಗ ನನ್ನ ತೋಳು ಹಿಡಿದು ಮುಂದಕ್ಕೆ ಎಳೆಯುತ್ತಾನೆ. ನಾನು ತುದಿಗಾಲಿಗೆ ಬರುತ್ತೇನೆ. ಅಷ್ಟರಲ್ಲಿ ಅವನು ತಿರುಗಿ ಬೆನ್ನು ಕೊಟ್ಟು, ಮೊಣಕಾಲು ಬಗ್ಗಿಸಿ, ನನ್ನ ಸೊಂಟಕ್ಕಿಂತ ಕೆಳಗೆ ಇಳಿದಿರುತ್ತಾನೆ. ಮೊಣಕಾಲು ನೆಟ್ಟಗಾದರೆ ಮುಗಿಯಿತು. ಮೇಲೆ ಟ್ಯೂಬ್‌ಲೈಟು ಕಾಣುತ್ತದೆ.

ಇದನ್ನು ಎಲ್ಲೋ ನೋಡಿದ್ದೇನೆ ಅಂತ ಮೊದಲ ದಿನದಿಂದಲೇ ಅನ್ನಿಸುತ್ತಿತ್ತು. ದಿನಾ ಬೆಳಿಗ್ಗೆ ನೋಡುತ್ತಲೇ ಇದ್ದೆ. ಅವನಪ್ಪ ಲಾರಿಗೆ ಬೆನ್ನು ಕೊಟ್ಟು ನಿಲ್ಲುವುದು ಹಾಗೇ. ಮೊಣಕಾಲು ಬಗ್ಗಿಸಿ ಚೀಲದ ಕೆಳಗೆ ಹೋಗುವುದೂ ಹಾಗೇ.

ನಾ ಅವಗ ಹೇಳೀನಿ.

ಮಂಗಳವಾರ ಇಡೀ ದಿನ ಇದೇ ಕಿವಿಯಲ್ಲಿ. ಏನು ಹೇಳಿರಬಹುದು? ಸೋಮವಾರದ ನನ್ನ ಗೆಲುವನ್ನು ಮತ್ತೆ ಮತ್ತೆ ಕಣ್ಣ ಮುಂದೆ ತಂದುಕೊಂಡೆ. ನಾನು ತಿರುಗಿದ್ದು ಅರ್ಧ. ಮೊಣಕಾಲು ಬಗ್ಗಿರಲೇ ಇಲ್ಲ. ನನ್ನ ಸೊಂಟ ಅವನ ಸೊಂಟದ ಪಟ್ಟಿಗಿಂತ ಮೇಲೇ ಇತ್ತು. ನಾನು ಎತ್ತುವ ಮೊದಲೇ ಅವನ ಕಾಲು ಚಾಪೆ ಬಿಟ್ಟಿದ್ದವು. ಅರವತ್ತು ಕೆಜಿ ಬೆನ್ನ ಮೇಲಿಂದ ಹಾದು ಹೋದರೆ ಬೆನ್ನಿಗೆ ಗೊತ್ತಾಗಬೇಕಲ್ವಾ? ದಿಂಬು ಜಾರಿದಷ್ಟೂ ಗೊತ್ತಾಗಿರಲಿಲ್ಲ. ನಾನು ಅದನ್ನು ತಂತ್ರ ಅಂದುಕೊಂಡಿದ್ದೆ! ಜಿಗೊರೊ ಕಾನೊ ಎಂಬ ಮೇಷ್ಟ್ರು 1882ರಲ್ಲಿ ಟೋಕಿಯೊದ ಒಂದು ದೇವಸ್ಥಾನದಲ್ಲಿ ಹನ್ನೆರಡು ಚಾಪೆ ಹಾಸಿ ಈ ಜೂಡೊ ಶುರು ಮಾಡಿದರು, ಕಡಿಮೆ ಬಲದಲ್ಲಿ ಹೆಚ್ಚು ಕೆಲಸ ಅನ್ನುವುದೇ ಅವರ ಮೂಲ ಪಾಠ ಅಂತ ಕೋಚ್ ಹೇಳಿದ್ದರು. ಆಹಾ, ಕಾನೊ ಹೇಳಿದ್ದು ಇದನ್ನೇ, ನನಗೆ ಬಂದೇ ಬಿಟ್ಟಿತು ಅಂತ ಖುಷಿಪಟ್ಟಿದ್ದೆ.

ನಮ್ಮ ಅಜ್ಜ ಆಳಂದದ ಕಡೆಯವರು. ಜಾತ್ರೆ ಕುಸ್ತಿಯ ಕಥೆ ಹೇಳುತ್ತಿದ್ದರು. ಹಲಗಿ ಬಡಿಯುತ್ತಿರುತ್ತಾರೆ, ಹಿರಿಯರು ಮೈಕಟ್ಟು ನೋಡಿ ಜೋಡಿ ಹಚ್ಚುತ್ತಾರೆ. ಗೌಡರ ಮಗ ಕಣಕ್ಕೆ ಇಳಿದರೆ ಮಾತ್ರ ಎದುರಿನವನ ಕಾಲು ತಾನೇ ಜಾರುತ್ತಿತ್ತಂತೆ. ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡಿರುತ್ತಾರೆ, ಅಲ್ಲಿ ಹೇಗೆ ಜಾರುತ್ತದೆ ಅಂತ ನಾನು ಕೇಳಿದರೆ ಅಜ್ಜ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಾನು ಗೌಡರ ಮಗ ಅಲ್ಲ. ತಿಂಗಳ ಪಗಾರಕ್ಕೆ ಲೆಕ್ಕ ಬರೆಯುವವನು. ನನಗೂ ಒಬ್ಬ ಜಾರಿ ಬೀಳುತ್ತಾನೆ ಅಂತ ಯಾವತ್ತೂ ಅನ್ನಿಸಿರಲಿಲ್ಲ.

ಬುಧವಾರ ಕ್ಲಾಸಿಗೆ ಹೋಗಲಿಲ್ಲ. ಆವಕ ಜಾಸ್ತಿ, ಕೆಲಸ ಇದೆ ಅಂತ ಮಗಳಿಗೆ ಹೇಳಿದೆ. ಕೆಲಸ ಏನೂ ಇರಲಿಲ್ಲ. ಅಪ್ಪನ ಕೆರೆ ಸುತ್ತ ಎರಡು ಸುತ್ತು ಹಾಕಿ, ಸುಸಲಾ ಮಿರ್ಚಿ ತಿಂದು ಮನೆಗೆ ಹೋದೆ.

ಶುಕ್ರವಾರ ಬೇಗ ಹೋದೆ. ಹುಡುಗ ಒಬ್ಬನೇ ಚಾಪೆ ಜೋಡಿಸುತ್ತಿದ್ದ. ಇನ್ನೊಂದು ತುದಿ ನಾನು ಹಿಡಿದೆ.

"ನಿಮ್ಮಪ್ಪ ಏನ್ ಹೇಳ್ಯಾನ ನಿನಗ?"

"ಏನಿಲ್ರಿ ಸರ್."

"ಖರೇ ಹೇಳು."

ಅವನು ಚಾಪೆಯ ಅಂಚನ್ನು ಕಾಲಿನಿಂದ ಒತ್ತಿ ಒತ್ತಿ ಕೂಡಿಸಿದ. ಅದು ಮೊದಲೇ ಕೂಡಿತ್ತು.

"ಅವರ ಕೈಯಾಗ ನಮ್ಮ ಲೆಕ್ಕ ಅದ, ಜರಾ ನೋಡ್ಕೊಂಡ್ ಹಿಡಿ ಅಂದಾರ್ರಿ."

ಹಮಾಲಿಗೆ ಕೂಲಿ ಚೀಲದ ಮೇಲೆ. ಎಷ್ಟು ಚೀಲ ಅಂತ ಬರೆಯುವುದು ನಾನು. ಇಷ್ಟು ವರ್ಷದಲ್ಲಿ ಒಂದು ಚೀಲ ಕಡಿಮೆ ಬರೆದವನಲ್ಲ. ಅದು ಕಾಕಾನಿಗೂ ಗೊತ್ತು. ಗೊತ್ತಿದ್ದೂ ಮಗನಿಗೆ ಹಾಗೆ ಹೇಳಿದ್ದಾನೆ. ನನ್ನನ್ನು ಚುಚ್ಚಿದ್ದು ಇದೇ. ನಾನು ಒಳ್ಳೆಯವನೋ ಕೆಟ್ಟವನೋ ಅನ್ನುವುದು ಅವನ ಲೆಕ್ಕಕ್ಕೇ ಬರುವುದಿಲ್ಲ. ಪೆನ್ನು ಯಾರ ಕೈಯಲ್ಲಿದೆ ಅನ್ನುವುದಷ್ಟೇ ಬರುತ್ತದೆ. ಹತ್ತು ವರ್ಷ ದೊಡ್ಡವನು ಅಂತ ನಾನು ಕಾಕಾ ಅನ್ನುತ್ತೇನೆ, ಆದರೆ ಬಾ, ಹೋಗು, ಇಳಿಸು. ಅವನು ನನಗೆ ಸಾಹೇಬ್ರ, ಬರ್ರಿ, ಕೂಡ್ರಿ.

ಕೋಚ್‌ಗೆ ಕೇಳಿದೆ. ನಿಮಗೆ ಗೊತ್ತಿತ್ತಾ? "ಗೊತ್ತಿತ್ರಿ. ನಿಮಗೇ ಗೊತ್ತಾಗ್ಲಿ ಅಂತ ಬಿಟ್ಟಿದ್ದೆ" ಅಂದರು. ಕೋಚ್ ಒಳ್ಳೆಯವರು, ಆದರೆ ಈ ವಿಷಯದಲ್ಲಿ ನಾನು ಅವರನ್ನು ಒಪ್ಪುವುದಿಲ್ಲ. ಮೂರು ವಾರ ಮಾಲ್ಪುರಿ ತಿನ್ನಲು ಬಿಟ್ಟರಲ್ಲ! ಆಮೇಲೆ ಎಲ್ಲರನ್ನೂ ಕೂರಿಸಿ ಅವರು ಹೇಳಿದ್ದು ಮಾತ್ರ ಸರಿ ಇತ್ತು. ಪಟ್ಟು ಕಲಿಯುವಾಗ ಬೀಳುವವನನ್ನು ಉಕೆ ಅನ್ನುತ್ತಾರೆ. ಅವನು ಮೈ ಕೊಡಬೇಕು, ಬಿಗಿ ಹಿಡಿದರೆ ಎದುರಿನವನು ಕಲಿಯುವುದಿಲ್ಲ. ಅದು ಅವನ ಕೆಲಸ. ಆದರೆ ಮಾಸ್ತರರು "ಹಾಜಿಮೆ", ಅಂದರೆ ಶುರು ಮಾಡಿ, ಅಂದ ಮೇಲೆ, ರಂದೋರಿ ಅನ್ನುವ ಬಿಡುಸೆಣಸಾಟದಲ್ಲಿ, ಬಿಟ್ಟುಕೊಟ್ಟರೆ ಅದು ಎದುರಿನವನಿಗೆ ಮಾಡುವ ಮೋಸ. ಅವನ ಮೈ ಸುಳ್ಳು ಕಲಿಯುತ್ತದೆ.

ಹುಡುಗ ತಲೆ ತಗ್ಗಿಸಿ ಕೂತಿದ್ದ. ಬೈಸಿಕೊಳ್ಳಬೇಕಾದವನು ಅವನಲ್ಲ, ಅವನಿಗೆ ಬೇರೆ ದಾರಿ ಏನಿತ್ತು? ಸುಳ್ಳು ಕಲಿತ ಮೈ ನನ್ನದು. ಹಾಗಾದರೆ ಈ ಮೂರು ತಿಂಗಳಲ್ಲಿ ನನಗೆ ಬಂದದ್ದಾದರೂ ಏನು ಅಂತ ಕೂತಲ್ಲೇ ಯೋಚಿಸಿದೆ. ಹೋದ ತಿಂಗಳು ಗೋದಾಮಿನಲ್ಲಿ ಚೆಲ್ಲಿದ ಬೇಳೆಯ ಮೇಲೆ ಕಾಲು ಜಾರಿತ್ತು. ಹಿಂದಕ್ಕೆ ಬಿದ್ದೆ. ಗದ್ದ ತಾನೇ ಎದೆಗೆ ಹೋಯಿತು, ಕೈ ಫಟ್ ಅಂತ ನೆಲಕ್ಕೆ ಹೊಡೆಯಿತು. ಎದ್ದು ಪ್ಯಾಂಟು ಕೊಡವಿಕೊಂಡೆ. ತೂಕದವನು ಆ ಸದ್ದನ್ನು ಒಂದು ವಾರ ನಕಲು ಮಾಡಿ ತೋರಿಸಿದ. ನನಗೆ ಮಾತ್ರ ಒಳಗೊಳಗೇ ಹೆಮ್ಮೆ. ಅದನ್ನು ಯಾರೂ ನನಗೆ ಬಿಟ್ಟುಕೊಟ್ಟದ್ದಲ್ಲ, ಬೇಳೆಗೆ ನನ್ನ ಲೆಕ್ಕದ ಹಂಗಿಲ್ಲ.

ನಮ್ಮ ಸರದಿ ಬಂತು. ತಲೆಬಾಗಿ ನಮಸ್ಕಾರ ಮಾಡಿಕೊಂಡೆವು. ಕಾಲರ್ ಹಿಡಿಯುವಾಗ ಅವನ ಕಿವಿಯ ಹತ್ತಿರ, "ಗಂಜಿಂದು ಗಂಜಿನ್ಯಾಗ. ಇಲ್ಲಿ ಬ್ಯಾಡ" ಅಂದೆ. ಅವನು ಕೋಚ್ ಕಡೆ ನೋಡಿದ.

ಹಾಜಿಮೆ.

ಟ್ಯೂಬ್‌ಲೈಟು. ಎದ್ದು ಬಂದೆ. ಮತ್ತೆ ಟ್ಯೂಬ್‌ಲೈಟು, ಈ ಸಲ ಇನ್ನೂ ಜೋರಾಗಿ. ಮೂರು ವಾರದ್ದು ಬಾಕಿ ಇಟ್ಟುಕೊಂಡಿದ್ದ ಅಂತ ಕಾಣುತ್ತೆ. ಮೂರನೇ ಸಲ ತೋಳು ಎಳೆದ ಕೂಡಲೇ ಏನೋ ಹೊಳೆಯಿತು. ತುದಿಗಾಲಿಗೆ ಹೋಗಲಿಲ್ಲ. ಸೊಂಟ ಮುಂದೆ ತಳ್ಳಿ, ಕುರ್ಚಿಯ ಮೇಲೆ ಕೂರುವವನ ಹಾಗೆ ಕೆಳಗೆ ಕೂತುಬಿಟ್ಟೆ. ಅವನು ತಿರುಗಿ ಬೆನ್ನು ಕೊಟ್ಟಿದ್ದ, ಆದರೆ ಚೀಲ ಏಳಲಿಲ್ಲ. ಒಂದು ಸಲ ಎತ್ತಿ ನೋಡಿದ. ಇನ್ನೊಂದು ಸಲ. ಆಗ ಅವನ ಬಾಯಿಂದ "ಚ್ಚ್" ಅಂತ ಒಂದು ಸದ್ದು ಬಂತು.

ಆ ಸದ್ದನ್ನು ಎರಡು ದಿನದಿಂದ ಎಷ್ಟು ಸಲ ಕೇಳಿಸಿಕೊಂಡಿದ್ದೇನೋ. ಸೈಕಲ್ ಚೈನು ಬಿದ್ದಾಗ, ಪೆನ್ನಿನ ಇಂಕು ಮುಗಿದಾಗ ನಾವು ಮಾಡುವ ಅದೇ ಸದ್ದು. ಸಾಹೇಬರ ಎದುರಿಗೆ ಯಾರೂ ಹಾಗೆ ಮಾಡುವುದಿಲ್ಲ. ಆ ಮೂರು ಗೆಲುವನ್ನೂ ಕೊಟ್ಟು ಇದೊಂದನ್ನು ತಗೋ ಅಂದರೆ ತಗೋತೀನಿ.

ನಾನು ಇಷ್ಟು ಯೋಚಿಸುವಷ್ಟರಲ್ಲಿ ಅವನು ಮತ್ತೆ ನನ್ನ ಕಡೆ ತಿರುಗಿ, ಒಳಗಾಲಿಗೆ ಕಾಲು ಕೊಟ್ಟು ಹಿಂದಕ್ಕೆ ಕೆಡವಿದ. ನಾಲ್ಕು. ಮಗಳು ಚಾಪೆಯ ಆಚೆ ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ಯಾರಿಗೆ ಅಂತ ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಕುತ್ತಿಗೆ ಎಡಕ್ಕೆ ತಿರುಗುತ್ತಿರಲಿಲ್ಲ. ಇಡೀ ಮೈ ತಿರುಗಿಸಿ ಲಾರಿ ನೋಡುತ್ತಿದ್ದೆ.

"ಯಾಕ್ರಿ ಸಾಹೇಬ್ರ, ಕುತ್ತಿಗಿ ಹಿಡದದೇನು?"

"ನಿಮ್ಮ ಮಗಗ ಕೇಳ್ರಿ ಕಾಕಾ."

ರೀ ಅಂದದ್ದು ನಾನು ಬೇಕೆಂದಲ್ಲ. ಬಾಯಿಗೆ ಬಂತು. ಅವರ ಕೈ ಮುಗಿಯಲು ಮೇಲೆ ಬಂದದ್ದು ಅರ್ಧದಲ್ಲೇ ನಿಂತಿತು. ನನ್ನ ಮುಖ ನೋಡಿದರು. ಆಮೇಲೆ ಸಾಹುಕಾರರ ಕ್ಯಾಬಿನ್ ಕಡೆ ನೋಡಿದರು. ಕುರ್ಚಿ ಖಾಲಿ ಇತ್ತು. ಆಗ ನಕ್ಕರು.

"ಎಷ್ಟ್ ಸಲ ಕೆಡವ್ಯಾನ್ರಿ?"

"ನಾಕ್ ಸಲ."

"ಹೌದೇನ್ರಿ" ಅಂತ ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಲಾರಿ ಹತ್ತಿರ ಹೋದರು. ಬೆನ್ನು ಕೊಟ್ಟು ನಿಂತರು. ಮೇಲಿನವರು ಚೀಲ ಬಿಡುವ ಮೊದಲೇ ಮೊಣಕಾಲು ಬಗ್ಗಿದ್ದವು. ಪಾದ ಎಷ್ಟು ಅಗಲಕ್ಕೆ ಇಡುತ್ತಾರೆ, ಸೊಂಟ ಎಲ್ಲಿಗೆ ಇಳಿಯುತ್ತದೆ ಅಂತ ನೋಡುತ್ತಾ ನಿಂತೆ. ಒಂದಾದ ಮೇಲೆ ಒಂದು ಚೀಲ ಒಳಗೆ ಹೋಗುತ್ತಲೇ ಇತ್ತು.

"ಎಷ್ಟಾದ್ವು ಸಾಹೇಬ್ರ?" ಅಂತ ಕಾಕಾ ಒಳಗಿನಿಂದ ಕೂಗಿದರು.

ಪುಸ್ತಕ ನೋಡಿದೆ. ಹನ್ನೊಂದಕ್ಕೆ ನಿಂತಿತ್ತು. ಒಳಗೆ ಹೋಗಿ ಇಬ್ಬರೂ ಮೊದಲಿನಿಂದ ಎಣಿಸಿದೆವು.