ಎಲೆಯ ಎದುರಿಗೆ ಕಾಳು

ಜುಲೈ ಮಳೆಯಲ್ಲಿ ತೀರ್ಥಹಳ್ಳಿ ಕಡೆ ಜಲವರ್ಣ ಮಾಡುವುದೆಂದರೆ ಕಾಯುವ ಕೆಲಸ. ಬೇಸಿಗೆಯಲ್ಲಿ ಬಣ್ಣ ಹಚ್ಚಿದ ಹತ್ತು ನಿಮಿಷಕ್ಕೆ ಒಣಗುವ ಚಿತ್ರದ ಎಲೆ, ಅವತ್ತು ಊಟ ಮುಗಿಸಿ ಬಂದರೂ ಹಸಿಯೇ ಇತ್ತು. ಗೆಳತಿಯೊಬ್ಬಳು ಸೀರೆಗೆ ಪ್ರಿಂಟ್ ಹಾಕಿಸಲು ಹೂಬಳ್ಳಿ ಡಿಸೈನ್ ಕೇಳಿದ್ದಳು, ಗುಲಾಬಿ ಬೇಡ, ನಮ್ಮ ಕಡೆಯದೇ ಇರಲಿ ಅಂದಿದ್ದಳು. ಅದಕ್ಕೇ ಕಾಳುಮೆಣಸಿನ ಬಳ್ಳಿ, ನಡುನಡುವೆ ಶಂಖಪುಷ್ಪ. ಆ ಹೂವಿನ ನಡುವಿನ ಬಿಳಿಗೆ ಬಣ್ಣ ಹಾಕುವುದಿಲ್ಲ, ಕಾಗದವನ್ನೇ ಖಾಲಿ ಬಿಡಬೇಕು.

ಬಳ್ಳಿ ಸೀರೆ ತುಂಬ ಹರಿಯಬೇಕಲ್ವಾ, ಅದಕ್ಕೊಂದು ಹಳೇ ಉಪಾಯ ಇದೆ. ಹಾಳೆಯ ನಡುವೆ ಅಂಚು ಮುಟ್ಟದ ಹಾಗೆ ಪೆನ್ಸಿಲ್‌ನಲ್ಲಿ ಬಿಡಿಸಿ, ಉದ್ದಕ್ಕೆ ಎರಡಾಗಿ ಕತ್ತರಿಸಿ, ಎಡದ್ದನ್ನು ಬಲಕ್ಕೆ ಬಲದ್ದನ್ನು ಎಡಕ್ಕೆ ಇಟ್ಟು ಅಂಟಿಸಬೇಕು, ಆಮೇಲೆ ಅಡ್ಡಕ್ಕೂ ಹಾಗೇ. ಆಗ ಅಂಚೆಲ್ಲ ನಡುವಿಗೆ ಬರುತ್ತದೆ. ಅಲ್ಲಿ ಉಳಿದ ಖಾಲಿ ಜಾಗದಲ್ಲಿ ಬಳ್ಳಿ ಮುಂದುವರಿಸಿದರೆ, ಎಷ್ಟು ಸಲ ಪಕ್ಕಪಕ್ಕ ಇಟ್ಟರೂ ಗೆರೆ ತುಂಡಾಗುವುದಿಲ್ಲ. ಬಣ್ಣವೂ ಹಾಗೇ ಕೂಡಬೇಕು. ಒಂದು ಬದಿ ಹಸಿರು ಜಾಸ್ತಿಯಾಗಿ ಇನ್ನೊಂದು ಬದಿ ತೆಳುವಾದರೆ ಬಟ್ಟೆ ಮೇಲೆ ಪಟ್ಟೆಪಟ್ಟೆ ಕಾಣುತ್ತದೆ.

ಅದನ್ನು ದಪ್ಪನೆಯ ಹತ್ತಿ ಕಾಗದಕ್ಕೆ ಇಳಿಸಿ, ಬಣ್ಣ ತುಂಬಿ, ಬಚ್ಚಲೊಲೆಯ ಹತ್ತಿರ ಒಣಗಲು ಇಟ್ಟೆ. ಬೆಂಕಿ ಹಾಕಲು ಬಂದ ಅತ್ತೆ ಬಗ್ಗಿ ನೋಡಿದರು.

"ಚೆಂದ ಇದೆ. ಇದೆಂತ ಬಳ್ಳಿ ಮಾರಾಯ್ತಿ?"

"ಮೆಣಸಿನದ್ದು ಅತ್ತೆ."

"ಮೆಣಸು ಎಲೆ ಬುಡದಲ್ಲಿ ಬಿಡುತ್ತಾ? ಎಲೆ ಈ ಕಡೆ ಇದ್ದರೆ ತೆನೆ ಆ ಕಡೆ."

ಎಷ್ಟೋ ವರ್ಷ ಏಣಿ ಹತ್ತಿ ಮೆಣಸು ಕೊಯ್ದವರು ಅವರು. ನಾನು ಮೊಬೈಲ್ ಫೋಟೋ ನೋಡಿ ಬಿಡಿಸಿದವಳು. ಕೊಡೆ ಹಿಡಿದು ತೋಟಕ್ಕೆ ಹೋದೆ. ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯಲ್ಲಿ ಎಳೇ ತೆನೆ ಆಗಷ್ಟೇ ಇಳಿಬಿದ್ದಿದ್ದವು, ಪ್ರತಿ ಗಿಣ್ಣಿನಲ್ಲೂ ಎಲೆಯ ಎದುರು ಬದಿಗೇ. ಇಂಬಳ ಕಾಲಿಗೆ ಹತ್ತಿದ್ದು ಗೊತ್ತಾಗದಷ್ಟು ಹೊತ್ತು ನಿಂತು ನೋಡಿದೆ.

ಮತ್ತೆ ಮೊದಲಿನಿಂದ ಬಿಡಿಸಿದೆ. ಒಂದು ಬದಿ ಎಲೆ, ಇನ್ನೊಂದು ಬದಿ ತೆನೆ ಬಂದಿದ್ದೇ ತಡ, ಬಳ್ಳಿ ತಾನೇ ತೂಗಿ ನಿಂತಿತು. ಮೊದಲು ಸುಮ್ನೆ ಜಾಗ ತುಂಬಲು ತುರುಕಿದ್ದ ಅರ್ಧದಷ್ಟು ಶಂಖಪುಷ್ಪ ತೆಗೆದೆ, ಯಾಕೆಂದರೆ ತುಂಬಬೇಕಾದ ಜಾಗವೇ ಉಳಿದಿರಲಿಲ್ಲ.

ಎರಡು ದಿನ ಬಿಟ್ಟು ಹೊಸ ಹಾಳೆಯನ್ನು ಅದೇ ಬಚ್ಚಲೊಲೆಯ ಹತ್ತಿರ ಇಟ್ಟೆ. ಅತ್ತೆ ಒಂದೊಂದೇ ತೆನೆ ನೋಡುತ್ತಾ ಬೆರಳು ಹತ್ತಿರ ತಂದರು.

"ಮುಟ್ಟಬೇಡಿ ಅತ್ತೆ, ಹಸಿ ಇದೆ" ಅಂದೆ.