ಒಂಬತ್ತನೇ ನಂಬರ್ ಜೆರ್ಸಿ

2018ರ ಡಿಸೆಂಬರ್. ಪ್ಯಾರಿಸ್‌ನಲ್ಲಿ ಕೆಲಸಕ್ಕಿರುವ ಗೆಳೆಯ ರಜೆಗೆ ಬೆಂಗಳೂರಿಗೆ ಬಂದಿದ್ದ. ಬಂದವನೇ ಒಂದು ಕವರ್ ಕೈಗಿಟ್ಟ. ಒಳಗೆ ಕೆಂಪು ಜೆರ್ಸಿ. ತಿರುಗಿಸಿ ನೋಡಿದೆ. ಬೆನ್ನ ಮೇಲೆ ದೊಡ್ಡದಾಗಿ 9 ಅಂತ ಇತ್ತು.

"ಬೇಕು ಅಂತಲೇ ಈ ನಂಬರ್ ಹಾಕಿಸಿದೆ" ಅಂದ. ನನಗೆ ಮಾತು ಹೊರಡಲಿಲ್ಲ.

ಒಂಬತ್ತು ಅಂದರೇನು ಅಂತ ಬೆಂಗಳೂರಿನ ಬೀದಿಗಳಲ್ಲಿ ಬೆಳೆದವರಿಗೆ ಹೇಳಬೇಕಿಲ್ಲ. ನಡಿಗೆ ಸ್ವಲ್ಪ ಮೆತ್ತಗಿದ್ದರೆ ಸಾಕು, ದನಿ ಒಡೆಯೋದು ತಡವಾದರೆ ಸಾಕು, ಹುಡುಗರು ಆ ಅಂಕಿಯಿಂದಲೇ ಕರೆಯುತ್ತಾರೆ. ಆದರೆ ಫುಟ್‌ಬಾಲ್‌ನಲ್ಲಿ ಅದೇ ಅಂಕಿಗೆ ಎಷ್ಟು ಮರ್ಯಾದೆ! ಸೆಂಟರ್ ಫಾರ್ವರ್ಡ್ ಬೆನ್ನ ಮೇಲಿರುವ ಅಂಕಿ ಅದು. ಗೋಲು ಹೊಡೆಯುವವನ ಅಂಕಿ.

ನಾವು ಆಸ್ಟಿನ್ ಟೌನ್ ಹತ್ತಿರ ಇದ್ದವರು. ಅಲ್ಲಿ, ಮತ್ತೆ ಗೌತಮಪುರದಲ್ಲಿ, ಮಕ್ಕಳು ಬ್ಯಾಟಿಗಿಂತ ಮೊದಲು ಚೆಂಡು ಒದೆಯೋದು ಕಲಿಯುತ್ತಾರೆ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ಅಪ್ಪ ನನ್ನನ್ನು ಅಶೋಕನಗರದ ಸ್ಟೇಡಿಯಂಗೆ ಕರೆದುಕೊಂಡು ಹೋಗುತ್ತಿದ್ದರು. ಕಡಲೆಕಾಯಿ ಪೊಟ್ಟಣ ಹಿಡಿದು ಮೆಟ್ಟಿಲ ಮೇಲೆ ಕೂತರೆ ಒಂದೇ ಕಥೆ ಮತ್ತೆ ಮತ್ತೆ ಹೇಳೋರು. 1948ರ ಲಂಡನ್ ಒಲಿಂಪಿಕ್ಸ್, ಎದುರಿಗೆ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ. ಎರಡು ಪೆನಾಲ್ಟಿ ಕೈತಪ್ಪಿತು. 2-1ರಲ್ಲಿ ಸೋತೆವು. ಆದರೆ ಆ ಒಂದು ಗೋಲು ಹೊಡೆದವನು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. ಅಷ್ಟು ಹೇಳಿ ಅಪ್ಪ ನನ್ನ ಮಂಡಿ ತಟ್ಟೋರು. "ಎಡಗಾಲು ಪಳಗಿಸು ಮಗಾ. ಎರಡೂ ಕಾಲು ಬರೋನನ್ನ ಯಾರೂ ತಡೆಯೋಕಾಗಲ್ಲ."

ನಾನು ಜೋರಾಗಿ ಓಡುತ್ತಿದ್ದೆ. ಹಾಗಾಗಿ ಒಂಬತ್ತನೇ ತರಗತಿಯಲ್ಲಿ ಶಾಲೆಯ ತಂಡಕ್ಕೆ ಸೇರಿಸಿಕೊಂಡರು. ಪಿ.ಟಿ. ಮೇಷ್ಟ್ರು ಜೆರ್ಸಿ ಹಂಚಿದರು. ನನಗೆ ಬಂದದ್ದು 9. ಹುಡುಗರು ನಕ್ಕರು. ಮೇಷ್ಟ್ರೂ ನಕ್ಕರು. ನನಗೆ ಇವತ್ತಿಗೂ ನೋಯೋದು ಅವರ ನಗುವೇ. ಅವತ್ತು ಮ್ಯಾಚ್ ಉದ್ದಕ್ಕೂ ಗೆರೆಯಾಚೆಯಿಂದ "ಒಂಬತ್ತು, ಒಂಬತ್ತು" ಅಂತ ಕೂಗಿದರು. ಚೆಂಡು ಕೇಳೋಕೂ ನಾನು ಬಾಯಿ ತೆರೆಯಲಿಲ್ಲ. ಬಾಯಿ ತೆರೆದರೆ ಆ ತೆಳ್ಳನೆ ದನಿ ಎಲ್ಲರಿಗೂ ಕೇಳುತ್ತಿತ್ತಲ್ಲ. ಕೇಳದವನಿಗೆ ಚೆಂಡು ಯಾರು ಕೊಡುತ್ತಾರೆ? ಮನೆಗೆ ಬಂದು ಮಂಡಿ ನೋವು ಅಂದೆ. ಆಮೇಲೆ ಆಡಲಿಲ್ಲ. ಅಪ್ಪ ಎಣ್ಣೆ ತಿಕ್ಕಿದರು, ಏನೂ ಕೇಳಲಿಲ್ಲ.

ಇದೆಲ್ಲ ಆ ಗೆಳೆಯನಿಗೆ ಮಾತ್ರ ಗೊತ್ತಿತ್ತು. ಅವನು ಅಲ್ಲಿ ಗೇ ಹುಡುಗರದ್ದೇ ಒಂದು ಫುಟ್‌ಬಾಲ್ ತಂಡ ಸೇರಿಕೊಂಡಿದ್ದ. ಅದೇ ವರ್ಷ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ಗೇ ಗೇಮ್ಸ್ ನಡೆದಾಗ ರಾತ್ರಿ ಫೋನ್ ಮಾಡಿ ಗಂಟೆಗಟ್ಟಲೆ ಮಾತಾಡಿದ. ಸುಮಾರು 90 ದೇಶಗಳಿಂದ ಹತ್ತು ಸಾವಿರದಷ್ಟು ಜನ ಬಂದಿದ್ದರು. ಆಯ್ಕೆ ಪಂದ್ಯ ಅಂತ ಏನಿಲ್ಲ, ಹೆಸರು ಕೊಟ್ಟರೆ ಆಡಬಹುದು. ಗೇ ಅಲ್ಲದವರೂ ಆಡಬಹುದು. 1982ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಇದನ್ನು ಶುರು ಮಾಡಿದ ಟಾಮ್ ವಾಡೆಲ್ ಸ್ವತಃ 1968ರ ಒಲಿಂಪಿಕ್ಸ್‌ನಲ್ಲಿ ಡೆಕಾಥ್ಲಾನ್ ಅನ್ನೋ ಹತ್ತು ಸ್ಪರ್ಧೆಗಳ ಆಟದಲ್ಲಿ ಆರನೆಯವರಾಗಿದ್ದವರು. 'ಗೇ ಒಲಿಂಪಿಕ್ಸ್' ಅಂತ ಹೆಸರಿಡಲು ಹೋದರು. ಅಮೆರಿಕದ ಒಲಿಂಪಿಕ್ ಸಮಿತಿ ಕೋರ್ಟಿಗೆ ಹೋಗಿ ಆ ಹೆಸರನ್ನೇ ತಡೆಯಿತು. ಫುಟ್‌ಬಾಲ್‌ಗೆ ಅಂತಲೇ ಗೇ ಮತ್ತು ಲೆಸ್ಬಿಯನ್ ತಂಡಗಳ ಅಂತರರಾಷ್ಟ್ರೀಯ ಸಂಘ 1992ರಿಂದ ಇದೆ, ಅದರದ್ದೇ ವಿಶ್ವ ಟೂರ್ನಿ ಊರೂರಿಗೆ ತಿರುಗುತ್ತದೆ ಅಂತಲೂ ಅವನೇ ಹೇಳಿದ್ದು.

ಅಂಥ ಟೂರ್ನಿ ಬೇರೆ ಯಾಕೆ ಅಂತ ಆಮೇಲೆ ಬಹಳ ಜನ ನನ್ನನ್ನು ಕೇಳಿದ್ದಾರೆ. ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಜಸ್ಟಿನ್ ಫಶಾನು 1990ರಲ್ಲಿ ತಾನು ಗೇ ಅಂತ ಹೇಳಿಕೊಂಡರು. 1998ರಲ್ಲಿ ಜೀವ ಕಳೆದುಕೊಂಡರು. ಅವರ ನಂತರ ಬ್ರಿಟನ್ನಿನಲ್ಲಿ ಇನ್ನೊಬ್ಬ ವೃತ್ತಿಪರ ಆಟಗಾರ ಆಡುತ್ತಿರುವಾಗಲೇ ಹೀಗೆ ಹೇಳಿಕೊಳ್ಳಲು 2022 ಬರಬೇಕಾಯಿತು. ಆ ಜೇಕ್ ಡೇನಿಯಲ್ಸ್‌ಗೆ ಆಗ 17 ವರ್ಷ. ಮೂವತ್ತೆರಡು ವರ್ಷದಲ್ಲಿ ಒಬ್ಬ ಹುಡುಗ! ಅಷ್ಟು ವರ್ಷ ಎಷ್ಟು ಜನ ನನ್ನ ಥರ ಮಂಡಿ ನೋವು ಅಂದಿರಬೇಕು.

ಅವನು ಪ್ಯಾರಿಸ್‌ನಲ್ಲಿ ಆಡುತ್ತಿದ್ದಾಗ ನಮ್ಮಲ್ಲಿ ಸಲಿಂಗ ಸಂಬಂಧವನ್ನು ಅಪರಾಧ ಅನ್ನುವ 377ನೇ ಕಲಂ ಇನ್ನೂ ಇತ್ತು. ತಿಂಗಳು ಕಳೆದು ಸೆಪ್ಟೆಂಬರ್ 6ಕ್ಕೆ ಅದು ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂತು. ಆಫೀಸಿನ ಮೆಟ್ಟಿಲ ಹತ್ತಿರ ನಿಂತು ಅವನಿಗೆ ಫೋನ್ ಮಾಡಿದೆ. ಇಬ್ಬರೂ ಅತ್ತೆವು.

ಇನ್ನು ಆ ಡಿಸೆಂಬರ್ ಭಾನುವಾರ. ಬೆಳಿಗ್ಗೆ ಏಳಕ್ಕೆ ಒಂದು ಟರ್ಫ್ ಬುಕ್ ಮಾಡಿದ್ದೆವು. ಒಂದೊಂದು ಕಡೆ ಏಳು ಜನ. ನಮ್ಮವರೇ, ಅವರ ಗೆಳೆಯರು, ಅರ್ಧ ಜನರ ಹೆಸರೂ ನನಗೆ ಗೊತ್ತಿರಲಿಲ್ಲ. ಮಂಜು ಇನ್ನೂ ಕರಗಿರಲಿಲ್ಲ. ಕೃತಕ ಹುಲ್ಲು ಒದ್ದೆಯಾಗಿತ್ತು. ನಂಬರ್ ಇರುವ ಜೆರ್ಸಿ ಹಾಕಿದ್ದು ನಾನೊಬ್ಬನೇ. ಅದರ ಮೇಲೆ ಸ್ವೆಟರ್ ಹಾಕಿಕೊಂಡು ಹೋಗಿದ್ದೆ. ತೆಗೆಯೋಕೆ ಹತ್ತು ನಿಮಿಷ ಬೇಕಾಯಿತು.

ನಮ್ಮ ಗೋಲ್‌ಕೀಪರ್ ಕೋಲಾರದ ಕಡೆಯ ಹುಡುಗಿ. ತನ್ನ ಸಂಗಾತಿಯ ಜೊತೆ ಬಂದಿದ್ದಳು. ಅವಳ ಗಂಟಲೋ, ಇಡೀ ಬೀದಿ ಏಳಬೇಕು. ಮೊದಲರ್ಧ ನಾನು ಹಳೇ ಅಭ್ಯಾಸದಂತೆ ಸುಮ್ನೆ ಓಡುತ್ತಿದ್ದೆ. ಚೆಂಡು ಕೇಳಲಿಲ್ಲ, ಬರಲೂ ಇಲ್ಲ. ಎರಡನೇ ಅರ್ಧದಲ್ಲಿ ಅವಳು ಚೆಂಡು ಹಿಡಿದು ನೋಡಿದಳು. ನನ್ನ ಹೆಸರು ಅವಳಿಗೆ ಗೊತ್ತಿರಲಿಲ್ಲ.

"ಒಂಬತ್ತು! ಏ ಒಂಬತ್ತು! ಬಲಕ್ಕೆ ಓಡು!"

ಒಂದು ಕ್ಷಣ ಎಲ್ಲರ ಕಾಲೂ ನಿಂತವು. ಆ ಅಂಕಿ ಕೇಳದೆ ಬೆಳೆದ ಹುಡುಗರು ಅಲ್ಲಿ ಬಹುಶಃ ಯಾರೂ ಇರಲಿಲ್ಲ. ಅವಳಿಗೂ ಹೊಳೆಯಿತು ಅಂತ ಕಾಣುತ್ತದೆ, ಬಾಯಿ ಮೇಲೆ ಕೈ ಇಟ್ಟುಕೊಂಡಳು. ಆದರೆ ಚೆಂಡು ಆಗಲೇ ಕೈಬಿಟ್ಟಿತ್ತು. ನನ್ನ ತಲೆಯ ಮೇಲಿಂದ ಹೋಗುತ್ತಿತ್ತು. "ನಂದು! ಬಿಡಿ, ನಂದು!" ಅಂತ ಕೂಗಿದೆ. ನನ್ನ ದನಿ ನನಗೇ ಕೇಳಿಸಿತು, ಅದೇ ತೆಳ್ಳನೆ ದನಿ. ಓಡಿದೆ. ಚೆಂಡು ಪುಟಿದು ಎಡಕ್ಕೆ ಬಂತು. ಎಡಗಾಲಲ್ಲೇ ಬಾರಿಸಿದೆ. ಕಂಬದ ಒಳಬದಿಗೆ ಬಡಿದು ಬಲೆಗೆ ಬಿತ್ತು.

ಅವಳು ಆ ತುದಿಯಿಂದ ಈ ತುದಿಯವರೆಗೆ ಓಡಿಬಂದು ತಬ್ಬಿಕೊಂಡಳು. "ಸಾರಿ ಅಣ್ಣ, ಸಾರಿ" ಅಂದಳು. "ಇನ್ನೊಂದು ಸಲ ಹಾಗೇ ಕರಿ" ಅಂದೆ. ಆಮೇಲೆ ಮ್ಯಾಚ್ ಮುಗಿಯೋವರೆಗೂ ಎಲ್ಲರೂ ಹಾಗೇ ಕರೆದರು. ನಾವು ಸೋತೆವು, 5-3.

ಮನೆಗೆ ಬಂದು ಜೆರ್ಸಿ ಒಗೆದು ತಾರಸಿಯ ತಂತಿಗೆ ಹಾಕಿದೆ. ಸಂಜೆ ಬಟ್ಟೆ ಎತ್ತಿಕೊಂಡು ಬಂದವರು ಅಪ್ಪ. ಕೆಂಪು ಜೆರ್ಸಿಯನ್ನು ಎರಡೂ ಕೈಯಲ್ಲಿ ಹಿಡಿದು ಬೆನ್ನಿನ ಕಡೆ ನೋಡಿದರು.

"ಸೆಂಟರ್ ಫಾರ್ವರ್ಡಾ?"

"ಹೂಂ ಅಪ್ಪ."

"ಗೋಲ್ ಹೊಡೆದ್ಯಾ?"

"ಒಂದು."

"ಯಾವ ಕಾಲು?"

"ಎಡಗಾಲು."

ಅಪ್ಪ ಜೆರ್ಸಿಯನ್ನು ನಂಬರ್ ಮೇಲೆ ಬರುವ ಹಾಗೆ ಮಡಚಿ ನನ್ನ ಮಂಚದ ಮೇಲಿಟ್ಟರು.