ಷರಾ ಕಾಲಮ್ಮಿನಲ್ಲಿ ಎರಡು ಬ್ಲೌಸ್

ಯಾದಗಿರಿ ಜಿಲ್ಲೆಯ ಒಂದು ಊರು. ಹೆಸರು ಬೇಡ. ಅಂಗನವಾಡಿಯಲ್ಲಿ ಐದು ಜನ ಹೆಂಗಸರು, ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ನಾನು, ಮತ್ತೆ ಕಚೇರಿಯಿಂದ ಜೊತೆಗೆ ಬಂದಿದ್ದ ಒಬ್ಬ ಸಣ್ಣ ವಯಸ್ಸಿನ ಎಂಜಿನಿಯರ್. ಪೆಟ್ಟಿಗೆಯಲ್ಲಿ ಇದ್ದದ್ದು ನೀರು ಪರೀಕ್ಷೆ ಮಾಡುವ ಕಿಟ್. ಅದನ್ನು ಬಳಸೋದನ್ನು ಆ ಐವರಿಗೆ ಕಲಿಸಲು ಹೋಗಿದ್ದೆ. ಜನವರಿ ತಿಂಗಳು, ಹೊಲಗಳಲ್ಲಿ ತೊಗರಿ ರಾಶಿ ನಡೆದಿತ್ತು. ಐದೂ ಜನರನ್ನು ಒಂದು ಕಡೆ ಕೂಡಿಸುವ ಹೊತ್ತಿಗೆ ಹನ್ನೊಂದು ಗಂಟೆ ಆಗಿತ್ತು.

ಫ್ಲೋರೈಡ್ ಎಷ್ಟಿದೆ ಅಂತ ನೋಡಲು ಊರ ಬೋರಿನ ನೀರನ್ನು ಗಾಜಿನ ನಳಿಕೆಗೆ ಹಾಕಿ, ಲೆಕ್ಕದ ಹನಿ ಬಿಟ್ಟು, ಬಣ್ಣದ ಚಾರ್ಟಿನ ಪಕ್ಕ ಹಿಡಿದೆವು. ಎಂಜಿನಿಯರ್ ಬಗ್ಗಿ ನೋಡಿದರು. 'ಒಂದರ ಒಳಗೇ ಇದೆ, ಬರ್ಕೊಳ್ಳಿ' ಅಂದರು.

'ಇಲ್ರಿ ಸಾಹೇಬ್ರ' ಅಂತ ಹಿಂದಿನಿಂದ ಒಂದು ದನಿ. 'ಇದು ಚಾರ್ಟಿನ ಆ ಮನಿಗಿ ಕೂಡಲ್ರಿ. ಹಳದಿಗಿ ಹೊಂಟದ.'

ಮಾತಾಡಿದವರು ಆ ಊರಿನ ಟೇಲರ್ ಅಕ್ಕ. 20 ವರ್ಷದಿಂದ ಬ್ಲೌಸ್ ಹೊಲಿಯುತ್ತಾರೆ. ಎದ್ದು ಬಂದು ನನ್ನ ಕೈಯಿಂದ ಚಾರ್ಟು, ನಳಿಕೆ ಎರಡೂ ತಗೊಂಡು ಬಾಗಿಲ ಹತ್ತಿರ ಹೋದರು. ಬಿಸಿಲಿಗಲ್ಲ, ಬಿಸಿಲಿನ ಪಕ್ಕದ ನೆರಳಿಗೆ. ಟ್ಯೂಬ್‌ಲೈಟಿನ ಕೆಳಗೆ ಬಣ್ಣ ನೋಡಬಾರದು ಅಂತ ಹೇಳಿಕೊಡೋದು ನನ್ನ ಕೆಲಸ. ಮರೆತಿದ್ದೆ. ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸೀರೆಗೆ ದಾರ ಹೊಂದಿಸುವವರು ಅಂಗಡಿಯಿಂದ ಹೊರಗೆ ಬಂದೇ ನೋಡುತ್ತಾರೆ, ಅಲ್ವಾ?

ಆ ನಳಿಕೆಯೊಳಗೆ ನಡೆಯೋದನ್ನು ಸ್ವಲ್ಪ ಹೇಳಿಬಿಡುತ್ತೇನೆ, ನನಗೆ ಅದು ಇವತ್ತಿಗೂ ಇಷ್ಟ. ಹನಿಹನಿಯಾಗಿ ಬಿಡುವ ದ್ರಾವಣದಲ್ಲಿ ಜಿರ್ಕೋನಿಯಂ ಅನ್ನೋ ಲೋಹ ಮತ್ತೆ ಒಂದು ಬಣ್ಣ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಹಾಗೆ ಅಂಟಿಕೊಂಡಿರುವಷ್ಟು ಹೊತ್ತು ನೀರು ಗುಲಾಬಿ. ನೀರಿನಲ್ಲಿ ಫ್ಲೋರೈಡ್ ಇದ್ದರೆ ಅದು ಜಿರ್ಕೋನಿಯಂ ಅನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಬಣ್ಣ ಒಂಟಿಯಾಗುತ್ತದೆ, ಹಳದಿಗೆ ತಿರುಗುತ್ತದೆ. ಫ್ಲೋರೈಡ್ ಜಾಸ್ತಿ ಆದಷ್ಟೂ ಹಳದಿ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಚಾರ್ಟಿನಲ್ಲಿ ಈ ಎರಡರ ನಡುವೆ ಇರುವ ವ್ಯತ್ಯಾಸ ಕೇಸರಿ ಪೇಡೆಗೂ ಬರೀ ಪೇಡೆಗೂ ಇರುವಷ್ಟು.

ಮಾದರಿಯನ್ನು ಕಲಬುರಗಿಗೆ ತಂದು ಲ್ಯಾಬಿನಲ್ಲಿ ಮೀಟರಿಗೆ ಹಿಡಿದೆ. 1.8 ಬಂತು. ಟೇಲರ್ ಅಕ್ಕ ಹೇಳಿದ್ದೇ ಸರಿ.

ವಾಪಸ್ ಬರುವಾಗ ಜೀಪಿನಲ್ಲಿ ಎಂಜಿನಿಯರ್ ಮೆಲ್ಲಗೆ ಹೇಳಿಕೊಂಡರು: 'ಮೇಡಂ, ನನಗೆ ಮೊದಲಿನಿಂದಲೂ ಈ ಕೆಂಪು, ಕಿತ್ತಳೆ ಸ್ವಲ್ಪ ಕನ್‌ಫ್ಯೂಸ್ ಆಗುತ್ತೆ.' ಒಳ್ಳೆ ಹುಡುಗ, ಮುಚ್ಚಿಡಲಿಲ್ಲ. ಕೆಂಪು-ಹಸಿರು ಬಣ್ಣಗುರುಡು ಗಂಡಸರಲ್ಲಿ ಹೆಂಗಸರಿಗಿಂತ ಎಷ್ಟೋ ಜಾಸ್ತಿ. ಅದರ ಜೀನ್ ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಗಂಡಸಿಗೆ ಇರೋದು ಒಂದೇ ಎಕ್ಸ್. ಅದು ಕೆಟ್ಟರೆ ಬದಲಿ ಇಲ್ಲ. ನಮಗೆ ಎರಡಿವೆ.

ಇಷ್ಟು ಓದಿ ಯಾರಾದರೂ 'ಹೆಂಗಸರ ಕಣ್ಣು ಹುಟ್ಟಿನಿಂದಲೇ ಚುರುಕು' ಅಂದರೆ ನಾನು ಒಪ್ಪುವುದಿಲ್ಲ. ಅಲ್ಲಿದ್ದ ಉಳಿದ ನಾಲ್ವರು ಹೆಂಗಸರೂ ಎಂಜಿನಿಯರ್ ಹೇಳಿದ್ದಕ್ಕೇ ತಲೆ ಆಡಿಸಿದ್ದರು. ನಾನೂ ಬರೆದುಕೊಳ್ಳಲು ಪೆನ್ನು ತೆಗೆದಿದ್ದೆ. ಟೇಲರ್ ಅಕ್ಕನದು 20 ವರ್ಷದ ಅಭ್ಯಾಸ. ಅದನ್ನು ವಿದ್ಯೆ ಅಂತ ಯಾರೂ ಕರೆದಿಲ್ಲ, ಅಷ್ಟೇ.

ನಮ್ಮ ಕಡೆ ಹೆಂಗಸರಿಗೆ ನೀರಿನ ಇನ್ನೊಂದು ಪರೀಕ್ಷೆಯೂ ಗೊತ್ತು. ಬ್ಯಾಳಿ ಬೇಯೋದು. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ನೆಲದ ಕೆಳಗೆಲ್ಲ ಸುಣ್ಣದ ಕಲ್ಲು. ಅದೇ ಕಲ್ಲಿನ ಫರಸಿ ನಮ್ಮ ಮನೆಗಳಲ್ಲಿ, ಅದೇ ಸುಣ್ಣ ನಮ್ಮ ಬೋರಿನ ನೀರಿನಲ್ಲಿ. ಅಂಥ ನೀರಿಗೆ ತೊಗರಿ ಬೇಳೆ ಹಾಕಿದರೆ ಕುಕ್ಕರ್ ಎಷ್ಟು ಸೀಟಿ ಹೊಡೆದರೂ ಬೇಳೆ ಕಣ್ಣು ಬಿಟ್ಟುಕೊಂಡು ನೋಡುತ್ತಿರುತ್ತದೆ. ನೀರಿನ ಕ್ಯಾಲ್ಸಿಯಂ ಬೇಳೆಯಲ್ಲಿರುವ ಪೆಕ್ಟಿನ್ ಅನ್ನೋ ಅಂಟಿನ ಜೊತೆ ಸೇರಿ ಅದನ್ನು ಗಟ್ಟಿ ಮಾಡುತ್ತದೆ. ಎಂ.ಎಸ್‌ಸಿ. ಓದಿ ನಾನು ಕಲಿತದ್ದು ಈ ಎರಡನೇ ವಾಕ್ಯ ಮಾತ್ರ. ಮೊದಲನೆಯದು ನಮ್ಮವ್ವನಿಗೆ ಗೊತ್ತಿತ್ತು.

ಆದರೆ ಫ್ಲೋರೈಡಿಗೆ ರುಚಿ ಇಲ್ಲ. ಆರ್ಸೆನಿಕ್ ಅನ್ನೋ ವಿಷಕ್ಕೂ ಇಲ್ಲ. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ಬೋರ್ ನೀರಿನಲ್ಲಿ ಆರ್ಸೆನಿಕ್ ಇರೋದು ಪೇಪರಿನಲ್ಲಿ ಬಂದಿತ್ತು. ಅಂಥ ನೀರಿನಲ್ಲಿ ಬೇಳೆ ಬೆಂದರೂ ಏನೂ ತಿಳಿಯೋದಿಲ್ಲ. ಅದಕ್ಕೇ 'ಹಳ್ಳಿ ಹೆಂಗಸರಿಗೆ ಎಲ್ಲಾ ಗೊತ್ತು' ಅಂತ ವೇದಿಕೆ ಮೇಲೆ ಹೊಗಳುವವರನ್ನು ಕಂಡರೆ ನನಗೆ ಸಿಟ್ಟು. ಹೊಗಳಿ ಬಿಟ್ಟರೆ ಕಿಟ್ ಕೊಡೋದು ತಪ್ಪುತ್ತದೆ, ನೋಡಿ.

ನಮ್ಮವ್ವನ ಮಾತು ಬಂತು. ಅವ್ವನ ಊರೂ ಯಾದಗಿರಿ ಕಡೆಯದೇ, ಆಗಿನ್ನೂ ಅದು ಗುಲಬರ್ಗಾ ಜಿಲ್ಲೆ. 1992ರ ಬೇಸಿಗೆ, ನನಗೆ ಎಂಟು ವರ್ಷ. ಊರಿಗೆಲ್ಲ ಒಂದೇ ಬೋರಿಂಗ್, ಅದೇ ಕೈಯಲ್ಲಿ ಒತ್ತುವ ಪಂಪು. ಅದು ಕೆಟ್ಟು ಹದಿನೇಳು ದಿನ ಯಾರೂ ಬರಲಿಲ್ಲ. ಹೊಲದ ಬಾವಿಯಿಂದ ತಲೆ ಮೇಲೊಂದು, ಸೊಂಟದಲ್ಲೊಂದು ಕೊಡ. ಹದಿನೆಂಟನೇ ದಿನ ಗಾಡಿಯಲ್ಲಿ ಮಂದಿ ಬಂದರು. ಮೂರು ಕಾಲಿನ ಸ್ಟ್ಯಾಂಡು, ಸರಪಳಿ, ನನ್ನ ತೋಳಿಗಿಂತ ಉದ್ದದ ಪಾನಾ. ಒಂದೊಂದೇ ಪೈಪು ಮೇಲೆ ಎಳೆದು, ಹಿಡಿದು, ತಿರುವಿ, ಬಿಚ್ಚಿ ಇಡೋದು. ಊರ ಗಂಡಸರೂ ಕೈ ಹಾಕಿದರು. ಮಧ್ಯಾಹ್ನದ ಮೇಲೆ ಎಲ್ಲಕ್ಕಿಂತ ಕೆಳಗಿನದು ಹೊರಗೆ ಬಂತು. ಕೆಟ್ಟಿದ್ದು ಅಂಗೈಯಷ್ಟು ಅಗಲದ ಚರ್ಮದ ವಾಷರ್.

ಅವ್ವ ಅದನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. 'ಇಷ್ಟು ತೊಗಲಿಗಿ ಹದಿನೇಳು ದಿನಾ?' ಅಂದಳು. 'ಚಪ್ಪಲಿ ಹೊಲಿಯೋರು ಒಂದು ತಾಸಿನ್ಯಾಗ ಮಾಡಿ ಕೊಡ್ತಿದ್ರಲ್ಲ.'

ಆ ಪಂಪಿನ ಹೆಸರು ಇಂಡಿಯಾ ಮಾರ್ಕ್ 2 ಅಂತ ಎಷ್ಟೋ ವರ್ಷ ಆದ ಮೇಲೆ ನನಗೆ ತಿಳಿಯಿತು. 1970ರ ದಶಕದಲ್ಲಿ ಭಾರತ ಸರ್ಕಾರ, ಯುನಿಸೆಫ್ ಎಲ್ಲ ಸೇರಿ ಮಾಡಿದ್ದು. ಅದರ ಮೂಲ ಸೊಲ್ಲಾಪುರ ಪಂಪು. ಕಲಬುರಗಿಯಿಂದ ರೈಲು ಹತ್ತಿದರೆ ಎರಡು ತಾಸಿನ ಸೊಲ್ಲಾಪುರವೇ. ಅಲ್ಲಿಂದ ಹೊರಟ ವಿನ್ಯಾಸ ಆಫ್ರಿಕಾದ ಹಳ್ಳಿಗಳವರೆಗೆ ಹೋಯಿತು. ಒಳ್ಳೆಯ ಪಂಪು, ಸುಳ್ಳು ಹೇಳಬಾರದು. ಆದರೆ ಒಳಗಿನ ವಾಷರ್ ಬದಲಿಸಬೇಕಾದರೆ ಇಡೀ ಪೈಪಿನ ಸಾಲೇ ಮೇಲೆ ಬರಬೇಕು. 3 ಮೀಟರಿನ ಒಂದು ಕಬ್ಬಿಣದ ಪೈಪು ಸುಮಾರು 10 ಕೆ.ಜಿ. ಅಂಥವು ಹತ್ತು ಇಳಿಸಿದ್ದರೆ, ಒಳಗಿನ ರಾಡು, ನೀರು ಸೇರಿ ಒಂದು ಕ್ವಿಂಟಲ್ ದಾಟುತ್ತದೆ. ಅದನ್ನು ಎತ್ತಲು ಗಾಡಿ ಬೇಕು, ಮಂದಿ ಬೇಕು. ಗಾಡಿ ಇರೋದು ತಾಲೂಕಿನಲ್ಲಿ. ಹೀಗೆ ಬೋರಿಂಗ್ ರಿಪೇರಿ ಗಂಡಸರ ಕೆಲಸ ಆಯಿತು. ಯಾರೂ ಹಾಗಂತ ಕಾನೂನು ಮಾಡಿರಲಿಲ್ಲ. ಪೈಪಿನ ತೂಕವೇ ಆ ಕೆಲಸ ಮಾಡಿತ್ತು.

ಅದೇ 1992ರ ಜನವರಿಯಲ್ಲಿ ಐರ್ಲೆಂಡಿನ ಡಬ್ಲಿನ್ನಿನಲ್ಲಿ ಜಗತ್ತಿನ ನೀರಿನ ತಜ್ಞರು ಸೇರಿ ನಾಲ್ಕು ತತ್ವ ಬರೆದಿದ್ದರು. ಮೂರನೆಯದು, ನೀರು ಒದಗಿಸುವುದರಲ್ಲಿ, ನೋಡಿಕೊಳ್ಳುವುದರಲ್ಲಿ, ಕಾಪಾಡುವುದರಲ್ಲಿ ಹೆಂಗಸರದೇ ಮುಖ್ಯ ಪಾತ್ರ ಅಂತ. ಮಾತು ಸರಿಯೇ. ಅದೇ ವರ್ಷದ ಬೇಸಿಗೆಯಲ್ಲಿ ನಮ್ಮವ್ವ ಎರಡು ಕೊಡ ಹೊತ್ತು ಆ ಪಾತ್ರ ಮಾಡುತ್ತಿದ್ದಳು.

ದಾರಿ ಇರಲಿಲ್ಲ ಅಂತಲ್ಲ. ಆಗಲೇ ಮಾರ್ಕ್ 3 ಬಂದಿತ್ತು. ಅದರ ಪೈಪು 65 ಮಿಲಿಮೀಟರ್ ಅಗಲ, ಹಾಗಾಗಿ ಒಳಗಿನ ಪಿಸ್ಟನ್ ಅನ್ನು ಪೈಪಿನೊಳಗಿಂದಲೇ ಮೇಲೆ ಎಳೆದುಕೊಳ್ಳಬಹುದು. ಪೈಪು ಬಿಚ್ಚುವ ಗೋಜಿಲ್ಲ. ಹಳ್ಳಿಯವರೇ ರಿಪೇರಿ ಮಾಡಿಕೊಳ್ಳಲಿ ಅಂತಲೇ ಹಾಗೆ ಮಾಡಿದ್ದು. ಆದರೆ ಅಗಲದ ಪೈಪಿಗೆ ಖರ್ಚು ಜಾಸ್ತಿ, ನಮ್ಮ ಹಳ್ಳಿಗಳಲ್ಲಿ ನಾನು ನೋಡಿದ್ದೆಲ್ಲ ಮಾರ್ಕ್ 2 ಪಂಪುಗಳೇ. ಉತ್ತರ ಪ್ರದೇಶದ ಬಾಂದಾದಲ್ಲಾದರೋ 1990ರ ದಶಕದ ಮೊದಲಿನಲ್ಲೇ ಹೆಂಗಸರು ಪಾನಾ ಹಿಡಿದು ಪಂಪು ಬಿಚ್ಚಿದರು. ಅವರಿಗೆ ತರಬೇತಿ ಸಿಕ್ಕಿದ್ದು ಹಳ್ಳಿ ಹೆಂಗಸರ ಶಿಕ್ಷಣಕ್ಕಾಗಿ ಇದ್ದ ಮಹಿಳಾ ಸಮಖ್ಯಾ ಕಾರ್ಯಕ್ರಮದಲ್ಲಿ. ಅದೇ ಕಾರ್ಯಕ್ರಮ 1989ರಲ್ಲಿ ಕರ್ನಾಟಕದಲ್ಲಿ ಶುರು ಆದಾಗ ಮೊದಲ ಮೂರು ಜಿಲ್ಲೆಗಳಲ್ಲಿ ನಮ್ಮ ಬೀದರ್ ಒಂದು. ದುಡ್ಡು ನೆದರ್ಲೆಂಡ್ಸ್ ಸರ್ಕಾರದ್ದು. ಬೀದರ್‌ವರೆಗೆ ಬಂದದ್ದು ಅವ್ವನ ಊರಿಗೆ ಆ ಹೊತ್ತಿಗೆ ಬರಲಿಲ್ಲ, ಅಷ್ಟೇ.

ನನ್ನ ಕಥೆ ದೊಡ್ಡದೇನಲ್ಲ. ಕೆಮಿಸ್ಟ್ರಿ ಓದಿದೆ, ಲ್ಯಾಬ್ ಕೆಲಸಕ್ಕೆ ಇಂಟರ್‌ವ್ಯೂಗೆ ಹೋದೆ. ಟೈಟ್ರೇಷನ್ ಬಗ್ಗೆ ಒಂದು ಪ್ರಶ್ನೆ, ಮದುವೆ ಬಗ್ಗೆ ಮೂರು ಪ್ರಶ್ನೆ. 'ಫೀಲ್ಡಿಗೆ ಹೋಗ್ತೀರೇನಮ್ಮಾ?' ಹೋಗ್ತೀನಿ ಸರ್ ಅಂದೆ. ಹೋಗುತ್ತಲೂ ಇದ್ದೇನೆ. ಬೆಳಗ್ಗೆ ಏಳಕ್ಕೆ ಹೊರಟರೆ ಸಂಜೆ ಮನೆ ಮುಟ್ಟುವವರೆಗೆ ನಾಲ್ಕು ಗುಟುಕಿಗಿಂತ ಜಾಸ್ತಿ ನೀರು ಕುಡಿಯೋದಿಲ್ಲ. ಯಾಕೆ ಅಂತ ಹೆಂಗಸರಿಗೆ ಹೇಳಬೇಕಾಗಿಲ್ಲ. ಗಂಡಸರಿಗೆ ಹೇಳುತ್ತೇನೆ: ಶೌಚಾಲಯ ಇದ್ದಲ್ಲಿ ಬೀಗ ಇರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಹತ್ತಾರು ಬಾಟಲಿ ನೀರು ತುಂಬಿಕೊಂಡು, ಒಂದನ್ನೂ ಕುಡಿಯದೆ ಬರುವ ಕೆಲಸ ಇದು.

ಬೇಸರ ಆದಾಗ ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿ ನೆನಪಾಗುತ್ತಾರೆ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ ಹೆಣ್ಣು ಅನ್ನೋ ಕಾರಣಕ್ಕೆ ಸಿ.ವಿ. ರಾಮನ್ ಬೇಡ ಅಂದರು. ಇವರು ಬಿಡಲಿಲ್ಲ. ಕೊನೆಗೆ ಒಂದು ವರ್ಷ ನೋಡೋಣ ಅಂತ ಷರತ್ತು ಹಾಕಿ ಸೇರಿಸಿಕೊಂಡರು. 1939ರಲ್ಲಿ ಕೇಂಬ್ರಿಡ್ಜಿನ ಪಿಎಚ್.ಡಿ. ಪಡೆದರು. ಬೆಂಗಳೂರಿನಲ್ಲಿ ಅವರು ಕೆಲಸ ಮಾಡಿದ್ದು ಹಾಲು ಮತ್ತು ಬೇಳೆಕಾಳಿನ ಪ್ರೋಟೀನಿನ ಮೇಲೆ. ತೊಗರಿ ನಾಡಿನವಳಾದ ನನಗೆ ಇದು ಸುಮ್ನೆ ಒಂದು ಖುಷಿ.

ಈಗ ಟೇಲರ್ ಅಕ್ಕನ ವಿಷಯಕ್ಕೆ ಬರುತ್ತೇನೆ. 2019ರಲ್ಲಿ ಶುರು ಆದ ಜಲ ಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐದು ಹೆಂಗಸರಿಗೆ ಈ ಕಿಟ್ ತರಬೇತಿ ಕೊಡಬೇಕು ಅಂತ ಇದೆ. ಒಳ್ಳೆಯ ಯೋಚನೆ. ಐವರೂ ಚುರುಕಾಗಿ ಕಲಿತರು. ಬ್ಯಾಕ್ಟೀರಿಯಾ ಬಾಟಲಿಯನ್ನು ಒಂದೆರಡು ದಿನ ಬೆಚ್ಚಗೆ ಇಡಬೇಕು, ನೀರು ಕಪ್ಪಾದರೆ ಕೊಳಕು ಸೇರಿದೆ ಅಂತ ಅರ್ಥ. ಒಬ್ಬರು ಅದನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟು, ಅತ್ತೆ ಅದನ್ನು ಕಾಡಿಗೆ ಅಂದುಕೊಂಡು ದೊಡ್ಡ ಗಲಾಟೆ ಆಯಿತು. ಅದು ಇನ್ನೊಂದು ದಿನಕ್ಕೆ.

ತರಬೇತಿ ಮುಗಿದ ಮೇಲೆ ಟೇಲರ್ ಅಕ್ಕ ಕೇಳಿದರು: 'ಮೇಡಮ್ಮೋರೆ, ಇದಕ್ಕ ಪಗಾರ ಎಷ್ಟದ್ರಿ?'

ಯಾರೂ ಮಾತಾಡಲಿಲ್ಲ. ಅಷ್ಟೊತ್ತಿಗೆ ಅಲ್ಲಿಗೆ ಬಂದಿದ್ದ ಒಬ್ಬ ದೊಡ್ಡ ಮನುಷ್ಯರು 'ಊರ ಸೇವೆ ಅಲ್ವೇನಮ್ಮಾ' ಅಂದರು.

'ವಾಟರ್‌ಮನ್‌ಗೂ ಸೇವಾನೇ ಏನ್ರಿ?'

ವಾಟರ್‌ಮನ್‌ಗೆ ತಿಂಗಳಿಗೆ ಸಂಬಳ ಇದೆ. ವಾಲ್ವ್ ತಿರುವಿ ನೀರು ಬಿಡುತ್ತಾನೆ. ಅದೂ ಕೆಲಸವೇ, ನನಗೆ ಅವನ ಮೇಲೆ ಹೊಟ್ಟೆಕಿಚ್ಚಿಲ್ಲ. ಆದರೆ ಬಿಟ್ಟ ನೀರು ಮಕ್ಕಳು ಕುಡಿಯುವಂಥದ್ದೋ ಅಲ್ಲವೋ ಅಂತ ಹೇಳುವವರಿಗೆ ಚಹಾದ ದುಡ್ಡೂ ಇಲ್ಲ. ಅವತ್ತು ತುಂಬಾ ಹೊತ್ತು ಯೋಚನೆ ಮಾಡಿದೆ. ಪಂಪಿನ ಕೆಲಸ ನಮಗೆ ಬರದಂತೆ ಮಾಡಿದ್ದು ಪೈಪಿನ ತೂಕ. ಈಗ ಕೈಗೆ ಕೊಟ್ಟ ಕಿಟ್ಟಿಗೆ ತೂಕವೇ ಇಲ್ಲ, ಪಗಾರವೂ ಇಲ್ಲ. ಹಗುರ ಆದ ಕೂಡಲೇ ಕೆಲಸ ಸೇವೆ ಆಗಿಬಿಟ್ಟಿದೆ.

ಫ್ಲೋರೈಡ್ ಜಾಸ್ತಿ ಇರುವ ನೀರು ಕುಡಿದು ಆ ಊರಿನಲ್ಲಿ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಇವೆ. ಫೋಟೋ ತೆಗೆಯುವಾಗ ಹುಡುಗಿಯರು ಬಾಯಿ ಮೇಲೆ ಕೈ ಇಟ್ಟುಕೊಂಡು ನಗುತ್ತಾರೆ. ಟೇಲರ್ ಅಕ್ಕನ ಮಗಳೂ ಹಾಗೇ. ಅದಕ್ಕೇ ಪಗಾರ ಇಲ್ಲದಿದ್ದರೂ ಅವರು ಪರೀಕ್ಷೆ ಬಿಟ್ಟಿಲ್ಲ.

ಹೋದ ತಿಂಗಳು ಅವರ ರಿಜಿಸ್ಟರ್ ನೋಡಲು ಹೋಗಿದ್ದೆ. ಐದು ಬೋರು, ಒಂದು ಟ್ಯಾಂಕು, ಎರಡು ನಲ್ಲಿ. ತಾರೀಖು, ಪಿಎಚ್, ಫ್ಲೋರೈಡ್, ನೈಟ್ರೇಟ್, ಕ್ಲೋರಿನ್ ಎಲ್ಲ ದುಂಡು ಅಕ್ಷರದಲ್ಲಿ. ಕೊನೆಯಲ್ಲಿ ಷರಾ ಕಾಲಮ್ಮು. ಬೇರೆ ಊರುಗಳಲ್ಲಿ ಅದು ಖಾಲಿ ಇರುತ್ತದೆ. ಇವರು ಪ್ರತಿ ಸಾಲಿಗೂ ಬರೆದಿದ್ದರು: 'ಅರ್ಧ ದಿನ. ಎರಡು ಬ್ಲೌಸ್.' ಇನ್ನೊಂದು ಕಡೆ: 'ಒಂದು ಬ್ಲೌಸ್, ಒಂದು ಫಾಲ್.'

'ಇದೇನಕ್ಕಾ?'

'ಬಿಟ್ಟ ಕೆಲಸಾರಿ. ಬರ್ದಿಟ್ಟೀನಿ.'

ಪ್ರತಿ ಪುಟದ ಕೆಳಗೆ ತನಿಖೆ ಮಾಡಿದವರ ಸಹಿಗೆ ಜಾಗ ಇದೆ. ಎಲ್ಲ ಪುಟಗಳಿಗೂ ಸಹಿ ಮಾಡಿ, ಸೀಲ್ ಹೊಡೆದು, ಒಂದು ಪ್ರತಿ ಮೇಲಕ್ಕೆ ಕಳಿಸಿದ್ದೇನೆ. ಷರಾ ಕಾಲಮ್ಮನ್ನೂ ಟೈಪ್ ಮಾಡಿಸಿದ್ದೇನೆ. ಇನ್ನೂ ಯಾರೂ ಫೋನ್ ಮಾಡಿಲ್ಲ.